ಹಗ್ಗ ಯಾರ ಕೈಯಲ್ಲಿ: ತಾಳವಾಡಿ ಸೀಮೆಯ ಮೇಲೆ ಹಾರಿದ ಬಾವುಟಗಳು

ಜೀರಹಳ್ಳಿ ಸೇರಿದ ತಾಳವಾಡಿ ಬೆಟ್ಟಸೀಮೆ ಸುಮಾರು ಮುನ್ನೂರು ವರ್ಷಗಳಲ್ಲಿ ಐದು ಅಧಿಕಾರಗಳ ಬಾವುಟ ಕಂಡಿದೆ. ಮೈಸೂರು ಒಡೆಯರ ಗಂಡಭೇರುಂಡ, ಟಿಪ್ಪುವಿನ ಹುಲಿಪಟ್ಟೆ, ಈಸ್ಟ್ ಇಂಡಿಯಾ ಕಂಪನಿಯ ಪಟ್ಟೆಯ ನಿಶಾನೆ, ಬ್ರಿಟಿಷರ ಯೂನಿಯನ್ ಜಾಕ್, ಕೊನೆಗೆ ಅಶೋಕ ಚಕ್ರದ ತ್ರಿವರ್ಣ. ಇವುಗಳ ಜೊತೆಗೆ ಅಧಿಕಾರದ ಕಂಬ ಏರದೆ ಜನರ ಕೈಯಲ್ಲೇ ಉಳಿದ ಆರನೆಯದೊಂದು ಬಾವುಟವಿದೆ. ಅದರ ಆಯುಸ್ಸು ಬಹಳ ಕಡಿಮೆ, ಪಠ್ಯಪುಸ್ತಕಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಇನ್ನೂ ಕಡಿಮೆ. ಆದರೆ ಬಾವುಟ ಎಂಬ ವಸ್ತುವಿಗೆ ಈ ನಾಡಿನಲ್ಲಿ ಅರ್ಥ ಬಂದದ್ದು ಹೇಗೆಂದು ತಿಳಿಯಲು ಅದರ ಕತೆಯಷ್ಟು ನೆರವಾಗುವುದು ಬೇರೊಂದಿಲ್ಲ.

ಅರಸರ ಬಾವುಟಗಳಿಗಿಂತ ದೇವರ ನಿಶಾನೆಗಳು ಇಲ್ಲಿಯ ಜನಕ್ಕೆ ಹತ್ತಿರ. ಮಲೆ ಮಾದೇಶ್ವರನ ಒಕ್ಕಲು ಹರಡಿರುವ ಈ ಸೀಮೆಯಲ್ಲಿ ಸತ್ತಿಗೆ, ಸೂರಪಾನಿ, ನಂದಿಕಂಬಗಳೇ ಊರಿನ ಗುರುತು. ಅವು ಮುಂದೆ ನಡೆದರೆ ಊರು ಹಿಂದೆ ನಡೆಯುತ್ತದೆ. ಅವನ್ನು ಹಿಡಿಯುವ ಹಕ್ಕು ಯಾವ ಮನೆಯದು, ಯಾವ ಕುಲದ್ದು ಎಂಬುದಕ್ಕೆ ಕಟ್ಟುನಿಟ್ಟಾದ ರೂಢಿಯಿದೆ. ನಿಶಾನೆಯ ಬಣ್ಣಕ್ಕಿಂತ ಅದನ್ನು ಹಿಡಿಯುವ ಕೈ ಯಾರದು ಎಂಬ ಪ್ರಶ್ನೆ ದೊಡ್ಡದೆಂಬ ತಿಳಿವಳಿಕೆ ಈ ಬೆಟ್ಟಗಳಿಗೆ ರಾಜಕೀಯಕ್ಕಿಂತ ಮೊದಲೇ ಇತ್ತು.

17ನೆಯ ಶತಮಾನದಲ್ಲಿ ಮೈಸೂರು ಒಡೆಯರ ರಾಜ್ಯ ಸತ್ಯಮಂಗಲದ ಕಡೆಗೆ ಚಾಚಿದಾಗ ಗಂಡಭೇರುಂಡ ಈ ಘಟ್ಟಗಳನ್ನು ದಾಟಿತು. ಹೈದರನ ಕಾಲಕ್ಕೆ ಅರಮನೆಯ ಲಾಂಛನ ಉಳಿದು ಅಧಿಕಾರ ಸೇನಾಪತಿಯ ಕೈಸೇರಿತು. ಟಿಪ್ಪು ಹುಲಿಪಟ್ಟೆಯನ್ನು ಸಿಂಹಾಸನಕ್ಕೆ, ಕತ್ತಿಗೆ, ಸೈನಿಕರ ಉಡುಪಿಗೆ, ಬಾವುಟಕ್ಕೆ ಒಂದೇ ಗುರುತಾಗಿ ಬಳಸಿದ. ಮೈಸೂರು ಬಯಲಿನಿಂದ ಕೊಂಗುನಾಡಿಗೆ ಇಳಿಯುವ ಗಜಲಹಟ್ಟಿ ಕಣಿವೆ ಆ ದಿನಗಳ ಸೈನ್ಯದ ಹೆದ್ದಾರಿ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಆ ಕಣಿವೆ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಎದುರಿಸಿದ. ಒಂಬತ್ತು ವರ್ಷಗಳ ಮೇಲೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಅದರ ಬೆನ್ನಿಗೆ ನಡೆದ ಹಂಚಿಕೆಯಲ್ಲಿ ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು. ಮೈಸೂರು ಮತ್ತೆ ಒಡೆಯರಿಗೆ ದಕ್ಕಿತು. ಕೊಳ್ಳೇಗಾಲ ಮತ್ತು ತಾಳವಾಡಿ ಮಾತಿನಲ್ಲಿ, ನಂಟಿನಲ್ಲಿ, ದೇವರಲ್ಲಿ ಮೈಸೂರಿನ ಕಡೆಗಿದ್ದೂ ಕಂದಾಯದಲ್ಲಿ ಕೊಯಮತ್ತೂರಿಗೆ ಸೇರಿಹೋದವು.

ಕಂಪನಿಯ ನಿಶಾನೆಯಲ್ಲಿ ಕೆಂಪು ಬಿಳಿ ಅಡ್ಡಪಟ್ಟೆಗಳಿದ್ದವು, ಮೇಲಿನ ಮೂಲೆಯಲ್ಲಿ ಇಂಗ್ಲೆಂಡಿನ ಗುರುತಿತ್ತು. ಆ ಮೂಲೆಯಲ್ಲಿ 1707ರವರೆಗೆ ಸೇಂಟ್ ಜಾರ್ಜನ ಶಿಲುಬೆ ಇದ್ದು, ಆಮೇಲೆ ಯೂನಿಯನ್ ಜಾಕ್ ಬಂತು. ಅದು ಮುಖ್ಯವಾಗಿ ಹಡಗಿನ ನಿಶಾನೆ, ಬೆಟ್ಟದ ಹಳ್ಳಿಗಳು ಅದನ್ನು ಕಂಡದ್ದು ಅಪರೂಪ. 1858ರಲ್ಲಿ ಆಡಳಿತ ರಾಣಿಯ ಕೈಗೆ ಹೋದಾಗ ಪಟ್ಟೆಯ ನಿಶಾನೆ ಮರೆಯಾಯಿತು. ಅನಂತರ ಯೂನಿಯನ್ ಜಾಕ್ ಆಳ್ವಿಕೆಯ ಬಾವುಟವಾಯಿತು. ವೈಸರಾಯರ ಬಾವುಟದ ನಡುವೆ ಸ್ಟಾರ್ ಆಫ್ ಇಂಡಿಯಾ ಎಂಬ ನಕ್ಷತ್ರ ಸೇರಿತು. ವಸಾಹತುಗಳ ಬಾವುಟಗಳಿಗೆಲ್ಲ ಬ್ರಿಟನ್ನಿನಲ್ಲಿ ಒಂದೇ ಅಚ್ಚಿತ್ತು: ಮೂಲೆಯಲ್ಲಿ ಒಡೆಯನ ಗುರುತು, ಮಿಕ್ಕ ಜಾಗದಲ್ಲಿ ಸ್ಥಳೀಯ ಬಿಲ್ಲೆ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಬಾವುಟಗಳಲ್ಲಿ ಆ ಅಚ್ಚು ಇಂದಿಗೂ ಉಳಿದಿದೆ. ತಾಳವಾಡಿಯ ಮಟ್ಟಿಗೆ ಇದರ ಫಲ ಇಷ್ಟು: ಬೆಟ್ಟದ ತೆಂಕಣ ಮುಖಕ್ಕೆ ಯೂನಿಯನ್ ಜಾಕ್, ಬಡಗಣ ಮುಖಕ್ಕೆ, ಚಾಮರಾಜನಗರದ ಕಡೆ, ಗಂಡಭೇರುಂಡ. ನಡುವೆ ಒಂದು ಗಡಿಕಲ್ಲು.

ಮೇಲೆ ಹೇಳಿದ ಆರನೆಯ ಬಾವುಟ ಬಂದದ್ದು ಮೊದಲ ಮಹಾಯುದ್ಧದ ದಿನಗಳಲ್ಲಿ. ಆನಿ ಬೆಸೆಂಟ್ ಮತ್ತು ತಿಲಕರ ಹೋಮ್ ರೂಲ್ ಚಳವಳಿ 1917ರಲ್ಲಿ ತನ್ನದೊಂದು ಬಾವುಟ ಎತ್ತಿಕೊಂಡಿತು. ಐದು ಕೆಂಪು, ನಾಲ್ಕು ಹಸಿರು ಪಟ್ಟೆಗಳು ಒಂದರ ಕೆಳಗೊಂದು. ಅವುಗಳ ಮೇಲೆ ಸಪ್ತರ್ಷಿ ಮಂಡಲದಂತೆ ಓರೆಯಾಗಿ ಚೆಲ್ಲಿದ ಏಳು ನಕ್ಷತ್ರ. ಮೇಲಿನ ಒಂದು ಮೂಲೆಯಲ್ಲಿ ಅರ್ಧಚಂದ್ರ ಮತ್ತು ನಕ್ಷತ್ರ, ಇನ್ನೊಂದು ಮೂಲೆಯಲ್ಲಿ ಯೂನಿಯನ್ ಜಾಕ್. ಸಾಮ್ರಾಜ್ಯದೊಳಗೇ ಇದ್ದು ಸ್ವಂತ ಆಡಳಿತ ಬೇಕು ಎಂಬುದು ಆ ಚಳವಳಿಯ ಬೇಡಿಕೆಯಾದ್ದರಿಂದ ಒಡೆಯನ ಗುರುತು ಮೂಲೆಯಲ್ಲಿ ಉಳಿದಿತ್ತು. ಹಾಗಿದ್ದೂ ಕೊಯಮತ್ತೂರಿನ ಮ್ಯಾಜಿಸ್ಟ್ರೇಟರು ಅದನ್ನು ನಿಷೇಧಿಸಿದರು. ರಾಷ್ಟ್ರೀಯ ಬಾವುಟವೊಂದರ ಮೇಲೆ ಸರಕಾರ ಕೈಮಾಡಿದ ಮೊದಲ ಸಂದರ್ಭವಿದು. ರಾಷ್ಟ್ರಕ್ಕೆ ಬಾವುಟ ಏಕೆ ಬೇಕು, ಅದರ ಕೆಲಸವೇನು ಎಂಬ ಚರ್ಚೆ ಈ ನಿಷೇಧದ ನಂತರ ಸಾರ್ವಜನಿಕವಾಗಿ ನಡೆಯಿತು.

ಈ ಘಟನೆಯನ್ನು ದೇಶದ ಚರಿತ್ರೆ ಒಂದು ಸಾಲಿನಲ್ಲಿ ಮುಗಿಸುತ್ತದೆ. ತಾಳವಾಡಿಯ ಚರಿತ್ರೆ ಹಾಗೆ ಮುಗಿಸಬಾರದು. ಆಗ ತಾಳವಾಡಿ ಕೊಯಮತ್ತೂರು ಜಿಲ್ಲೆಯೊಳಗಿತ್ತು, ಮೊದಲ ಧ್ವಜನಿಷೇಧ ಹೊರಟದ್ದು ಇದೇ ಜಿಲ್ಲೆಯಿಂದ. 1917ರ ಜೂನಿನಲ್ಲಿ ಬೆಸೆಂಟರನ್ನು ಸೆರೆಯಲ್ಲಿಟ್ಟದ್ದು ಮೋಯಾರ್ ಕಣಿವೆಯ ಆಚೆ ದಡದ ಊಟಿಯಲ್ಲಿ. ಅಲ್ಲಿಯ ಮನೆಯಂಗಳದಲ್ಲಿ ಆಕೆ ಕೆಂಪು ಹಸಿರಿನ ಅದೇ ಬಾವುಟ ಹಾರಿಸಿದರು. ಸೆಪ್ಟೆಂಬರಿನಲ್ಲಿ ಬಿಡುಗಡೆಯಾಗುವ ಮೊದಲು ಅವರನ್ನು ಕೊಯಮತ್ತೂರಿಗೂ ತರಲಾಯಿತು. ತಾಳಮಲೆಯ ಅಂಚಿನಲ್ಲಿ ನಿಂತವರಿಗೆ ಆ ನೀಲಗಿರಿಯ ಸಾಲು ಕಣ್ಣೆದುರಿಗೇ ಇದೆ.

ಈ ನಿಷೇಧದಿಂದ ಸ್ಪಷ್ಟವಾಗುವ ಮಾತೊಂದಿದೆ. ನಿಷೇಧಿತ ಬಟ್ಟೆಯ ಮೂಲೆಯಲ್ಲಿ ಸರಕಾರದ ಬಾವುಟವೇ ಹೊಲಿದಿತ್ತು. ಆದ್ದರಿಂದ ಆಕ್ಷೇಪ ವಿನ್ಯಾಸದ ಮೇಲೆ ಇರಲಾರದು. ಜನ ತಾವಾಗಿ ಒಂದು ಬಾವುಟ ಕಟ್ಟಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಏರಿಸಿದ್ದೇ ಅಪರಾಧವಾಯಿತು. ಬಣ್ಣಗಳ ಅರ್ಥವನ್ನು ಮಾತ್ರ ಬಾಯಿಪಾಠ ಮಾಡಿಸುವ ಪುಸ್ತಕಗಳು ಈ ಮೂಲವಿಷಯವನ್ನೇ ಬಿಟ್ಟುಬಿಡುತ್ತವೆ.

ಮುಂದಿನದು ಎಲ್ಲರೂ ಓದಿದ ಕತೆ. 1921ರಲ್ಲಿ ಪಿಂಗಳಿ ವೆಂಕಯ್ಯನವರು ಬೆಜವಾಡದಲ್ಲಿ ಗಾಂಧೀಜಿಗೆ ತೋರಿಸಿದ ಬಾವುಟಕ್ಕೆ ಬಿಳಿಯೂ ಚರಕವೂ ಸೇರಿದವು. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಕರ್ನಾಟಕದ ಸ್ವಯಂಸೇವಕರನ್ನು ಕರೆದೊಯ್ದರು. ಆ ಸೆರೆವಾಸದ ಅನುಭವದಿಂದ ಅದೇ ವರ್ಷ ಹಿಂದೂಸ್ತಾನಿ ಸೇವಾದಳ ಹುಟ್ಟಿತು. 1931ರಲ್ಲಿ ಕೇಸರಿ, ಬಿಳಿ, ಹಸಿರಿನ ಕ್ರಮ ಗೊತ್ತಾಯಿತು. 1932ರ ಜನವರಿಯಲ್ಲಿ ತಿರುಪ್ಪೂರಿನ ಮೆರವಣಿಗೆಯ ಮೇಲೆ ಲಾಠಿ ಬಿದ್ದಾಗ ಕುಮಾರನ್ ಎಂಬ ತರುಣ ಕೈಯ ಬಾವುಟ ಬಿಡದೆ ಉರುಳಿ, ಜನವರಿ 11ರಂದು ಪ್ರಾಣ ಬಿಟ್ಟ. ಆತ ಹುಟ್ಟಿದ ಚೆನ್ನಿಮಲೆ ಈಗ ಈರೋಡು ಜಿಲ್ಲೆಯಲ್ಲಿದೆ, ತಾಳವಾಡಿಯೂ ಅದೇ ಜಿಲ್ಲೆ. ತಮಿಳರು ಆತನನ್ನು ಕೊಡಿ ಕಾತ್ತ ಕುಮರನ್ ಎಂದು ಕರೆಯುತ್ತಾರೆ. ಕೊಡಿ ಎಂದರೆ ಬಾವುಟ, ಕಾತ್ತ ಎಂದರೆ ಕಾದ, ಕನ್ನಡದ ಕಾಯುವುದೂ ತಮಿಳಿನ ಕಾತ್ತಲೂ ಒಂದೇ ಬೇರಿನವು. ಬೆಟ್ಟದ ಕನ್ನಡ ಮಕ್ಕಳಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಡಿಕಲ್ಲಿನ ಆಚೆಯ ಕತೆಯ ದಾರಿ ಬೇರೆ. ಮೈಸೂರಿನಲ್ಲಿ ತ್ರಿವರ್ಣದ ಎದುರಿಗಿದ್ದದ್ದು ಪರದೇಶದ ಬಾವುಟವಲ್ಲ, ಮನೆಮನೆಯಲ್ಲಿ ಗೌರವ ಪಡೆದ ಅರಸರ ಬಾವುಟ. 1938ರ ಏಪ್ರಿಲಿನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿತು. ಬಾವುಟ ಏರಿಸಕೂಡದೆಂಬ ಆಜ್ಞೆ ಜಾರಿಯಲ್ಲಿತ್ತು. ಒಬ್ಬ ನಾಯಕ ಬಾವುಟಕ್ಕೆ ಕೈಹಾಕಿ ಸೆರೆಯಾದರೆ ಮತ್ತೊಬ್ಬ ಮುಂದೆ ಬರುತ್ತಿದ್ದ. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಗಾಂಧೀಜಿಯ ಕಡೆಯಿಂದ ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿ ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಮೇ ತಿಂಗಳಲ್ಲಿ ಒಪ್ಪಂದವಾಯಿತು: ಸಮಾರಂಭಗಳಲ್ಲಿ ಮೈಸೂರಿನ ಬಾವುಟ ಮತ್ತು ಕಾಂಗ್ರೆಸ್ಸಿನ ಬಾವುಟ ಎರಡೂ ಜೊತೆಯಾಗಿ ಹಾರಲಿ.

ಇದನ್ನು ಸೋಲೆಂದವರೂ ಇದ್ದಾರೆ, ಗೆಲುವೆಂದವರೂ ಇದ್ದಾರೆ. ಪೂರ್ಣ ಸ್ವಾತಂತ್ರ್ಯ ಬಯಸಿದವರಿಗೆ ಅದು ಅರ್ಧ ದಾರಿಯಲ್ಲಿ ನಿಂತಂತೆ ಕಂಡಿತು. ಆದರೆ ಗಡಿನಾಡಿನಿಂದ ನೋಡುವವರಿಗೆ ಎರಡು ನಿಷ್ಠೆಗಳನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿದ ಆ ಏರ್ಪಾಡು ಬಹಳ ದೊಡ್ಡದು. ರಕ್ತ ಹರಿದ ಮೇಲೆ ಸಿಕ್ಕ ತಿಳಿವು ಅದು. ಕೊಯಮತ್ತೂರು ಅಪ್ಪಣೆಯಿಲ್ಲದ ಬಾವುಟವನ್ನು ತಡೆಯಿತು. ಬೆಂಗಳೂರು ತಡೆದು, ಗುಂಡು ಹಾರಿಸಿ, ಕೊನೆಗೆ ಪಕ್ಕದಲ್ಲಿ ಜಾಗ ಕೊಟ್ಟಿತು.

ಅಶೋಕ ಚಕ್ರದ ತ್ರಿವರ್ಣವನ್ನು ಸಂವಿಧಾನ ಸಭೆ 1947ರ ಜುಲೈ 22ರಂದು ಅಂಗೀಕರಿಸಿತು. ಆಗಸ್ಟ್ 15ರಂದು ಮದರಾಸು ಪ್ರಾಂತದ ತಾಳವಾಡಿ ನೇರವಾಗಿ ಸ್ವತಂತ್ರವಾಯಿತು. ಗಡಿಯಾಚೆಯ ಮೈಸೂರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ಮೈಸೂರು ಚಲೋ ನಡೆಯಬೇಕಾಯಿತು, ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ತಿಂಗಳಲ್ಲಿ. ಒಂದೇ ಮಾತಾಡುವ, ಹೆಣ್ಣು ಕೊಟ್ಟು ತರುವ ಊರುಗಳಿಗೆ ಸ್ವಾತಂತ್ರ್ಯದ ಎರಡು ತಾರೀಖು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಬಾವುಟ ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಆ ಬಾವುಟ ಜನರ ಕೈಗೆ ಬಂದದ್ದು ಶಾಲೆಯ ಅಂಗಳದಲ್ಲಿ. ಕನ್ನಡ ಶಾಲೆಯ ಮೇಷ್ಟ್ರುಗಳಿಗೆ ಅದನ್ನು ಕಟ್ಟುವುದೊಂದು ವಿದ್ಯೆ. ಬಟ್ಟೆಯನ್ನು ಉದ್ದಕ್ಕೆ ಮಡಿಸಬೇಕು, ಕೇಸರಿ ಮೇಲೆ ಬರುವುದನ್ನು ಎರಡು ಸಲ ನೋಡಬೇಕು, ಮಡಿಕೆಯೊಳಗೆ ಚೆಂಡುಹೂವಿನ ಎಸಳು ತುಂಬಬೇಕು, ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಬೇಕು. ಗಂಟು ಬಿಗಿಯಾದರೆ ಮುಖ್ಯ ಅತಿಥಿ ಎಳೆದಷ್ಟೂ ಬಿಚ್ಚದು, ಸಡಿಲವಾದರೆ ಹೂವು ಮೊದಲೇ ಉದುರುತ್ತದೆ. ಆಗಸ್ಟ್ 15ರಂದು ಬಾವುಟ ಕಂಬದ ಬುಡದಿಂದ ಮೇಲೇರುತ್ತದೆ, ಜನವರಿ 26ರಂದು ಕಂಬದ ತುದಿಯಲ್ಲಿ ಕಟ್ಟಿದ್ದು ಬಿಚ್ಚಿಕೊಳ್ಳುತ್ತದೆ ಎಂಬ ವ್ಯತ್ಯಾಸವನ್ನು ಮಕ್ಕಳು ಕಲಿಯುವುದು ಪುಸ್ತಕಕ್ಕಿಂತ ಮೊದಲು ಮೇಷ್ಟ್ರ ಕೈಚಳಕ ನೋಡಿ. ಹಿಂದಿನ ದಿನ ಸಂಜೆ ಹಗ್ಗವನ್ನು ಮೂರು ಸಲ ಎಳೆದು ಪರೀಕ್ಷಿಸುತ್ತಿದ್ದ ಆ ಮೇಷ್ಟ್ರುಗಳ ಶ್ರದ್ಧೆಗೆ ಈ ಚರಿತ್ರೆಯಲ್ಲಿ ಒಂದು ಸಾಲಾದರೂ ಸಲ್ಲಬೇಕು.

ಬಟ್ಟೆಯ ಮೂಲವೂ ಕನ್ನಡ ನೆಲದ್ದೇ. ಧಾರವಾಡ ಜಿಲ್ಲೆಯ ಗರಗದಲ್ಲಿ ಬಾವುಟದ ಖಾದಿ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮಾನಕ ಸಂಸ್ಥೆಯ ಮನ್ನಣೆ ಪಡೆದು ಬಾವುಟ ತಯಾರಿಸುತ್ತದೆ. ಅಗಲ ಎತ್ತರ 3:2, ಚಕ್ರಕ್ಕೆ 24 ಅರೆಗಳು, ಚಕ್ರ ಎರಡೂ ಬದಿಗೆ ಸರಿಯಾಗಿ ಕೂಡಬೇಕು. 2021ರ ಕೊನೆಯಲ್ಲಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿದ ಮೇಲೆ ಆ ಮಗ್ಗಗಳ ಕೆಲಸಕ್ಕೆ ಪೆಟ್ಟು ಬಿದ್ದಿತು.

ಸ್ವತಂತ್ರ ಭಾರತದಲ್ಲೂ ಹಗ್ಗ ಬಹುಕಾಲ ಸರಕಾರದ ಕೈಯಲ್ಲೇ ಇತ್ತು. ಸಾಮಾನ್ಯ ಜನ ಎಲ್ಲ ದಿನವೂ ರಾಷ್ಟ್ರಧ್ವಜ ಹಾರಿಸುವ ಅವಕಾಶ ಬಂದದ್ದು 2002ರ ಧ್ವಜಸಂಹಿತೆಯಿಂದ. ಗೌರವದಿಂದ ಬಾವುಟ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ನವೀನ್ ಜಿಂದಾಲ್ ಪ್ರಕರಣದಲ್ಲಿ ಹೇಳಿದ್ದು 2004ರ ಜನವರಿಯಲ್ಲಿ. ಕೊಯಮತ್ತೂರಿನ ನಿಷೇಧಕ್ಕೆ ಪೂರ್ಣ ಉತ್ತರ ಸಿಗಲು 87 ವರ್ಷ ಬೇಕಾಯಿತು. ಮುಖ್ಯಮಂತ್ರಿಗಳಿಗೂ ಆ ಹಗ್ಗ ತಡವಾಗಿಯೇ ಸಿಕ್ಕಿತು. ಸ್ವಾತಂತ್ರ್ಯ ದಿನ ರಾಜ್ಯಪಾಲರ ಬದಲು ಮುಖ್ಯಮಂತ್ರಿ ಬಾವುಟ ಏರಿಸುವ ಪದ್ಧತಿ ಕರುಣಾನಿಧಿಯವರ ಪಟ್ಟಿನಿಂದ 1974ರಲ್ಲಿ ಬಂತು.

ರಾಜ್ಯಕ್ಕೊಂದು ಬಾವುಟ ಬೇಕೆಂಬ ಬೇಡಿಕೆ ಗಡಿಯ ಎರಡೂ ಕಡೆ ಎದ್ದಿದೆ. 1970ರಲ್ಲಿ ಕರುಣಾನಿಧಿಯವರು ತಮಿಳುನಾಡಿಗೆ ಒಂದು ವಿನ್ಯಾಸ ಮುಂದಿಟ್ಟರು, ಅದರ ಒಂದು ಮೂಲೆಯಲ್ಲಿ ತ್ರಿವರ್ಣ, ಇನ್ನೊಂದೆಡೆ ಗೋಪುರದ ಲಾಂಛನ. ಕರ್ನಾಟಕದಲ್ಲಿ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಅರಿಶಿನ ಕುಂಕುಮದ ಬಾವುಟ ಜನರದಾಗಿ ಬೆಳೆಯಿತು. 2018ರ ಮಾರ್ಚಿನಲ್ಲಿ ಸಿದ್ದರಾಮಯ್ಯ ಸರಕಾರ ಹಳದಿ, ಬಿಳಿ, ಕೆಂಪಿನ ನಡುವೆ ಗಂಡಭೇರುಂಡ ಇಟ್ಟ ಬಾವುಟ ಒಪ್ಪಿ ಕೇಂದ್ರದ ಮುಂದಿಟ್ಟಿತು. ಎರಡೂ ಅಧಿಕೃತವಾಗಲಿಲ್ಲ.

ಇಲ್ಲಿ ಬಿಡಿಸಲಾಗದ ಪ್ರಶ್ನೆಗಳು ಉಳಿಯುತ್ತವೆ. ರಾಜ್ಯಕ್ಕೆ ರಾಜ್ಯದ ಬಾವುಟ ಬಂದರೆ ತಾಳವಾಡಿಯ ಕನ್ನಡಿಗ ಯಾವುದರ ಕೆಳಗೆ ನಿಲ್ಲಬೇಕು? ಭಾಷೆಯ ಬಾವುಟ ಮತ್ತು ರಾಜ್ಯದ ಬಾವುಟ ಒಂದೇ ಆಗಿಬಿಟ್ಟರೆ, ಭಾಷೆ ಒಂದು ರಾಜ್ಯ ಇನ್ನೊಂದು ಆಗಿರುವವರ ಪಾಡೇನು? 1938ರ ಜೋಡಿ ಬಾವುಟದ ಒಪ್ಪಂದ ಇವರಿಗೂ ದಾರಿಯಾಗುವುದೇ, ಇಲ್ಲವೇ ಹೊಸ ಕಂಬದ ಜೊತೆ ಹೊಸ ಗಡಿಕಲ್ಲು ನೆಡುವುದೇ? ಎರಡೂ ಕಡೆಯ ವಾದದಲ್ಲಿ ಹುರುಳಿದೆ.

ತೀರ್ಮಾನವಾಗಿರುವ ಮಾತೂ ಒಂದಿದೆ. ಭಾರತದ ಬಾವುಟದ ಚರಿತ್ರೆಯಲ್ಲಿ ಮೊದಲ ನಿಷೇಧ ತಾಳವಾಡಿ ಸೇರಿದ್ದ ಜಿಲ್ಲೆಯಲ್ಲೇ ನಡೆಯಿತು. ಮುಂದಿನ ಆಗಸ್ಟ್ 15ರಂದು ಈ ಬೆಟ್ಟದ ಶಾಲೆಗಳಲ್ಲಿ ಮಗುವೊಂದರ ಕೈಗೆ ಹಗ್ಗ ಕೊಡುವ ಮೊದಲು, ಒಂದು ಕಾಲಕ್ಕೆ ಈ ಹಗ್ಗ ಮುಟ್ಟುವುದೇ ಅಪರಾಧವಾಗಿತ್ತೆಂದು ಮೇಷ್ಟ್ರು ಕನ್ನಡದಲ್ಲೂ ತಮಿಳಿನಲ್ಲೂ ಹೇಳಲಿ.