ಸಾವಿರ ವರ್ಷಕ್ಕೆ ಒಂದು ಹೆಜ್ಜೆ

(ಸುವರ್ಣ ಮಹೋತ್ಸವದ ಮೊದಲ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ 2003ನೇ ಸಾಲಿನ ಎಸ್‌ಎಸ್‌ಎಲ್‌ಸಿ ಬ್ಯಾಚಿನವನು. ಆಗ ನಮ್ಮದು ಗುಲಬರ್ಗಾ ಜಿಲ್ಲೆ, ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಸಮಿತಿಯವರು ಫೋನ್ ಮಾಡಿ, 'ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು' ಅಂದರು. ಕ್ಷಮಿಸಬೇಕು, ನಾನು ಕಲ್ಲು, ನಕಾಶೆ ಮತ್ತು ಗುಳೆಯ ಬಗ್ಗೆ ಮಾತಾಡುತ್ತೇನೆ.

2020ರಲ್ಲಿ ಕೊರೊನಾ ಬಂದು ಆಫೀಸು ಮುಚ್ಚಿದಾಗ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ. ಶಾಲೆಯೂ ಮುಚ್ಚಿತ್ತು. ಗುಡಿಯ ಕಟ್ಟೆ, ಬೇವಿನ ಮರದ ನೆರಳಲ್ಲಿ ಕೂರಿಸಿ ನಮ್ಮ ಶಿಕ್ಷಕರು ವಿದ್ಯಾಗಮ ನಡೆಸುತ್ತಿದ್ದರು. ಒಂದು ದಿನ ಸಮಾಜ ವಿಜ್ಞಾನದ ಮೇಡಂ, 'ನಿಮಗೂ ಬಿಡುವಿದ್ರೆ ಬನ್ನಿ' ಎಂದರು. ಅಂದು ಶುರುವಾದದ್ದು ಇನ್ನೂ ನಿಂತಿಲ್ಲ. ಈಗಲೂ ತಿಂಗಳಿಗೊಂದು ಶನಿವಾರ ಬರುತ್ತೇನೆ. ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಪ್ರಪಂಚದ ಭೂಗೋಳ ಮತ್ತು ಮನುಷ್ಯನ ಮೊದಲ ಚರಿತ್ರೆ ಹೇಳುತ್ತೇನೆ. ಎರಡೂ ನನ್ನ ವಿಷಯವಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ ಅತಿ ಕಡಿಮೆ ಅಂಕ ಬಂದದ್ದು ಸಮಾಜ ವಿಜ್ಞಾನದಲ್ಲೇ ಎಂಬುದು ಇಲ್ಲಿ ಕೂತಿರುವ ನಮ್ಮ ಮಾಸ್ತರರಿಗೆ ನೆನಪಿದೆ.

ಮೊದಲ ತರಗತಿ ಸಂಪೂರ್ಣ ಸೋತಿತು. ಅದನ್ನು ಹೇಳಿಬಿಡುತ್ತೇನೆ. ಆಫೀಸಿನ ಅಭ್ಯಾಸದಂತೆ ನಲವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಹಳೆಯ ಶಿಲಾಯುಗ, ಮಧ್ಯ ಶಿಲಾಯುಗ, ನವಶಿಲಾಯುಗ, ಇಸವಿ, ಬಾಣದ ಗುರುತು ಎಲ್ಲ ಇತ್ತು. ಮಕ್ಕಳು ಪರದೆಯ ಮೇಲಿದ್ದುದನ್ನು ಮಾತಿಲ್ಲದೆ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಕೊನೆಗೆ 'ಏನಾದರೂ ಕೇಳಬೇಕಾ?' ಎಂದರೆ ಹಿಂದಿನ ಹುಡುಗನೊಬ್ಬ, 'ಇದು ಪರೀಕ್ಷಾಕ್ಕ ಬರ್ತೈತೇನ್ರಿ ಸರ್?' ಎಂದ. ಹನ್ನೆರಡು ಲಕ್ಷ ವರ್ಷ ಎಂದು ಬರೆದವನಿಗೆ ಅದು ಎಷ್ಟು ಎಂಬುದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಮುಂದಿನ ವಾರ ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟೆ. ಧ್ವಜದ ಕಟ್ಟೆಗೆ ಬೆನ್ನು ಕೊಟ್ಟು ಮಕ್ಕಳನ್ನು ನಿಲ್ಲಿಸಿ, 'ಒಂದು ದೊಡ್ಡ ಹೆಜ್ಜೆ ಅಂದರೆ ಸಾವಿರ ವರ್ಷ. ಹಿಂದಕ್ಕೆ ಹೋಗೋಣ' ಅಂದೆ. ಒಂದು ಹೆಜ್ಜೆಗೆ ಎರಡೂವರೆ ಅಡಿ ಲೆಕ್ಕ.

ಮೊದಲ ಹೆಜ್ಜೆ ಪೂರ್ತಿ ಊರುವ ಮೊದಲೇ ವಿಜಯನಗರ ಬಂದು ಹೋಯಿತು, ಬಸವಣ್ಣನವರೂ ಬಂದು ಹೋದರು. ಎರಡು ಹೆಜ್ಜೆ ದಾಟಿ ಕಾಲು ಇಟ್ಟಲ್ಲಿ ಅಶೋಕ. ಅವನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮಿಂದ ದೂರವಿಲ್ಲದ ಮಸ್ಕಿಯಲ್ಲಿ. ನಾಲ್ಕನೆಯ ಹೆಜ್ಜೆಗೆ ಬೂದಿಹಾಳದ ದನಗಾಹಿಗಳು. ಅಲ್ಲಿಯ ಬೂದಿದಿಬ್ಬ ನಿಮಗೆ ಗೊತ್ತಿದ್ದದ್ದೇ. ಇಂಥ ದಿಬ್ಬಗಳನ್ನು ನಮ್ಮ ಹಿರಿಯರು ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಾರೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ಅಗೆದು ನೋಡಿದವರು ಇದು ದನದ ದೊಡ್ಡಿಯ ಸಗಣಿ ಮತ್ತೆ ಮತ್ತೆ ಸುಟ್ಟು ಆದ ಬೂದಿ ಎಂದರು. ತೆಲಂಗಾಣದ ಉಟ್ನೂರಿನ ದಿಬ್ಬದೊಳಗೆ ದನದ ಗೊರಸಿನ ಗುರುತೇ ಉಳಿದಿತ್ತು. ನಾನು ಮಕ್ಕಳಿಗೆ ಎರಡನ್ನೂ ಹೇಳುತ್ತೇನೆ. ಮುತ್ಯಾನ ಕಥೆಯನ್ನು ನಗೆಯಾಡಿ ತಳ್ಳಿದರೆ ಮಗು ಸಂಜೆ ಮನೆಗೆ ಹೋಗಿ ಮುತ್ಯಾನನ್ನು ಏನೂ ಕೇಳುವುದಿಲ್ಲ.

ಹನ್ನೊಂದು ಹೆಜ್ಜೆಗೆ ಪಶ್ಚಿಮ ಏಷ್ಯಾದಲ್ಲಿ ಗೋಧಿ, ಜವೆಗೋಧಿಯ ಬಿತ್ತನೆ ಶುರುವಾಗುವ ಕಾಲ. ಆಚೆಗೆ ಹೊಲ ಇಲ್ಲ, ಊರಿಲ್ಲ, ಬೇಟೆ ಮತ್ತು ಗಡ್ಡೆಗೆಣಸು. ಎಪ್ಪತ್ನಾಲ್ಕನೆಯ ಹೆಜ್ಜೆ ಗೇಟಿನ ಹೊರಗಿನ ಬೇವಿನ ಮರಕ್ಕೆ ಬರುತ್ತದೆ. ಅಲ್ಲಿ ನಿಂತು ಸುಮಾತ್ರಾದ ಟೋಬಾ ಜ್ವಾಲಾಮುಖಿಯ ಕಥೆ ಹೇಳುತ್ತೇನೆ. ಇಂಡೋನೇಷ್ಯಾದಲ್ಲಿ ಸಿಡಿದದ್ದರ ಬೂದಿ ಬಂಗಾಳಕೊಲ್ಲಿ ದಾಟಿ ಕರ್ನೂಲು ಕಡೆಯ ಜ್ವಾಲಾಪುರಂವರೆಗೆ ಬಿದ್ದಿದೆ. ಆ ಬೂದಿಯ ಕೆಳಗೂ ಕಲ್ಲಿನ ಹತ್ಯಾರ ಸಿಕ್ಕಿವೆ, ಮೇಲೂ ಸಿಕ್ಕಿವೆ. ಇದನ್ನು ಹೇಳಿದ ದಿನ ಮಕ್ಕಳು ತಾವಾಗಿಯೇ ಒಳಗೆ ಓಡಿ ಗೋಡೆಯ ನಕಾಶೆಯಲ್ಲಿ ಸುಮಾತ್ರಾ ಹುಡುಕಿದರು. ಹುಡುಕಿ ಎಂದು ನಾನು ಹೇಳಿರಲಿಲ್ಲ.

ಮುನ್ನೂರನೆಯ ಹೆಜ್ಜೆ ಕಿರಾಣಿ ಅಂಗಡಿಯ ಮುಂದೆ. ನಮ್ಮ ಜಾತಿಯ ಮನುಷ್ಯ, ಹೋಮೋ ಸೇಪಿಯನ್ಸ್, ಸುಮಾರು ಮೂರು ಲಕ್ಷ ವರ್ಷದ ಹಿಂದೆ ಆಫ್ರಿಕಾದಲ್ಲಿ ಕಾಣಿಸಿಕೊಳ್ಳುವುದು ಅಲ್ಲಿ. ಅಲ್ಲಿಂದ ಮುಂದೆ ಒಂಬೈನೂರು ಹೆಜ್ಜೆ ಬರೀ ನಡಿಗೆ. ಸಾವಿರದಿನ್ನೂರಕ್ಕೆ, ಹಳ್ಳದ ಸೇತುವೆಯ ಹತ್ತಿರ ನಿಲ್ಲುತ್ತೇವೆ. ಅದು ಇಸಾಂಪುರ.

ಇಸಾಂಪುರ ಗೊತ್ತಲ್ಲ? ಹುಣಸಗಿ ಪಕ್ಕದ ಊರು. ಅಲ್ಲಿ ಸುಣ್ಣದ ಕಲ್ಲಿನ ಹಾಸಿನ ಮೇಲೆ ಕೂತು, ಗಟ್ಟಿ ಗುಂಡುಕಲ್ಲಿನಿಂದ ಬಡಿದು ಬಡಿದು, ಯಾರೋ ಕೈಗೊಡಲಿ ಮಾಡುತ್ತಿದ್ದರು. ಮಾಡಿ ಮುಗಿಸಿದವು, ಅರ್ಧಕ್ಕೆ ಬಿಟ್ಟವು, ಒಡೆದ ಚಕ್ಕೆಗಳು ಎಲ್ಲ ಇದ್ದಲ್ಲೇ ಇದ್ದವು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯನವರು 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ಮಾಡಿದರು. ಪ್ರಾಣಿಯ ಹಲ್ಲಿನ ಹೊರಕವಚವನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದು ಕಾಲ ನಿಗದಿಯಾಯಿತು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಇಂಥ ಕೈಗೊಡಲಿಯ ಕಾಲದ ನೆಲೆಗಳು ಇನ್ನೂರಕ್ಕೂ ಹೆಚ್ಚಿವೆ.

ನಾನು ಈ ಕಣಿವೆಯಲ್ಲಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಇಲ್ಲೇ ಓದಿದವನು. ಇದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಬೆಂಗಳೂರಿನಲ್ಲಿ ಯಾವ ಊರು ಎಂದು ಕೇಳಿದರೆ 'ಗುಲಬರ್ಗಾ ಸೈಡು' ಎಂದು ತೇಲಿಸಿಬಿಡುತ್ತಿದ್ದೆ. ಹಿಂದುಳಿದ ಜಿಲ್ಲೆ ಎಂಬ ಮಾತು ಎದುರಿನವರ ಬಾಯಿಂದ ಬರುವ ಮೊದಲೇ ನನ್ನ ಮನಸ್ಸಿನಲ್ಲಿ ಬಂದಿರುತ್ತಿತ್ತು.

ನಮ್ಮ ಮಾಸ್ತರರ ಮೇಜಿನ ಮೇಲೆ ಒಂದು ಕಲ್ಲಿತ್ತು, ನನ್ನ ವಾರಗೆಯವರಿಗೆ ನೆನಪಿರಬಹುದು. ಬಾದಾಮಿಕಾಯಿಯ ಆಕಾರ, ಎರಡೂ ಕಡೆ ಕೆತ್ತಿದ ಹಾಗೆ. ಯಾರದೋ ಹೊಲದಲ್ಲಿ ಸಿಕ್ಕಿದ್ದು. ಕಾಗದ ಹಾರದಂತೆ ಇಟ್ಟಿದ್ದರು. 'ಇದನ್ನು ಯಾರೋ ಮಾಡ್ಯಾರ ನೋಡ್ರೋ' ಎಂದು ಅವರು ಹೇಳಿದಾಗ ನಾವು ನಕ್ಕಿದ್ದೆವು. ಮೊನ್ನೆ ಕೇಳಿದೆ. ಹೊಸ ಕೋಣೆ ಕಟ್ಟುವಾಗ ಎಲ್ಲೋ ಹೋಯಿತು, ಬುನಾದಿಗೆ ಬಿದ್ದಿರಬೇಕು ಎಂದರು. ಅದು ಕೈಗೊಡಲಿಯೇ ಆಗಿತ್ತೇ ಎಂದು ಈಗ ನೋಡಲು ಬರುವುದಿಲ್ಲ. ಕಾಲುವೆ ಬಂದು ಹೊಲ ಸಪಾಟು ಮಾಡುವಾಗಲೂ ಹೀಗೇ ಎಷ್ಟೋ ಹೋಗಿವೆ. ನೀರು ಬಂದದ್ದು ಬೇಡವಾಗಿತ್ತು ಎನ್ನುತ್ತಿಲ್ಲ, ನಾನೂ ಆ ನೀರಿನ ಅನ್ನ ಉಂಡವನೇ. ಆದರೆ ಇನ್ನು ಮುಂದೆ ಅಂಥ ಕಲ್ಲು ಕಂಡರೆ ಫೋಟೋ ತೆಗೆದು, ಅಲ್ಲೇ ಬಿಟ್ಟು, ಶಾಲೆಗೆ ತಿಳಿಸಿ. ಮನೆಗೆ ತಂದರೆ ಅದು ಬರೀ ಕಲ್ಲು. ಎಲ್ಲಿ, ಯಾವ ಮಣ್ಣಿನಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದರಲ್ಲೇ ಅದರ ಚರಿತ್ರೆ ಇದೆ.

ಸೇತುವೆಯ ಹತ್ತಿರ ಪ್ರತಿ ವರ್ಷ ಒಂದು ಮಗುವಾದರೂ ಕೇಳುತ್ತದೆ: 'ಅವ್ರು ನಮ್ಮ ಮುತ್ಯಾ ಏನ್ರಿ?' ಹನ್ನೆರಡು ಲಕ್ಷ ವರ್ಷದ ಹಿಂದೆ ನಮ್ಮ ಜಾತಿಯೇ ಇರಲಿಲ್ಲವಲ್ಲ, ಕಿರಾಣಿ ಅಂಗಡಿ ಹಿಂದೆ ಉಳಿಯಿತು. ಮಾಡಿದವರು ಯಾರು ಎಂದು ಹೇಳುವ ಎಲುಬು ಇಸಾಂಪುರದಲ್ಲಿ ಸಿಕ್ಕಿಲ್ಲ. ಭಾರತದಲ್ಲಿ ಪ್ರಾಚೀನ ಮಾನವನ ತಲೆಬುರುಡೆ ಸಿಕ್ಕಿದ್ದು 1982ರಲ್ಲಿ, ನರ್ಮದೆಯ ದಂಡೆಯ ಹತ್ನೋರಾದಲ್ಲಿ. 'ಹಾಗಾದರೆ ಇವರು ಯಾರು?' ಎಂದರೆ 'ಗೊತ್ತಿಲ್ಲ' ಎನ್ನುತ್ತೇನೆ. ಈ ಉತ್ತರ ಕೊಟ್ಟಾಗಲೇ ಮಕ್ಕಳು ಹೆಚ್ಚು ಹತ್ತಿರ ಬಂದು ನಿಲ್ಲುತ್ತಾರೆ.

ಇನ್ನೂ ನಡೆಯುವ ಹುರುಪಿದ್ದವರಿಗೆ ತಾಂಜಾನಿಯಾದ ಲೆಟೋಲಿ ಇದೆ. ಜ್ವಾಲಾಮುಖಿಯ ಹಸಿ ಬೂದಿಯ ಮೇಲೆ ಎರಡು ಕಾಲಲ್ಲಿ ನಡೆದವರ ಹೆಜ್ಜೆಗುರುತು, 36 ಲಕ್ಷ ವರ್ಷ ಹಳೆಯದು. ನಮ್ಮ ಲೆಕ್ಕಕ್ಕೆ ಮೂರು ಸಾವಿರದ ಆರುನೂರು ಹೆಜ್ಜೆ, ಅಂದರೆ ಪಕ್ಕದ ಊರಿನ ಅಗಸಿ. ಡೈನೋಸಾರ್ ನೋಡಬೇಕೆಂದವನಿಗೆ ಲೆಕ್ಕ ಹಾಕಲು ಹೇಳಿದೆ. ಆರು ಕೋಟಿ ಅರವತ್ತು ಲಕ್ಷ ವರ್ಷಕ್ಕೆ ಸುಮಾರು ಐವತ್ತು ಕಿಲೋಮೀಟರು. 'ಬಸ್ ಹತ್ತಬೇಕ್ರಿ' ಎಂದ. ಅಂದ ಹಾಗೆ ನಮ್ಮ ಶಾಲೆಯ ಐವತ್ತು ವರ್ಷವನ್ನೂ ಮಕ್ಕಳು ಅಳೆದಿದ್ದಾರೆ: ಎರಡು ಬೆರಳಿನಗಲ.

ಇನ್ನು ನಕಾಶೆ. ನಮ್ಮ ಗೋಡೆಯ ಮೇಲಿನ ನಕಾಶೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು. ಮಕ್ಕಳಿಗೆ ಗ್ಲೋಬಿನ ಮೇಲೆ ತೆಳ್ಳನೆಯ ಕಾಗದ ಇಟ್ಟು ಎರಡನ್ನೂ ತೆಗೆಸಿದೆ, ಚೌಕದ ಹಾಳೆಯ ಮೇಲೆ ಇಟ್ಟು ಮನೆ ಎಣಿಸಿದರು. ಆಫ್ರಿಕಾ ಸುಮಾರು 3 ಕೋಟಿ ಚದರ ಕಿಲೋಮೀಟರ್, ಗ್ರೀನ್‌ಲ್ಯಾಂಡ್ 22 ಲಕ್ಷ ಕೂಡ ಇಲ್ಲ. ನಮ್ಮ ಭಾರತವೇ 32 ಲಕ್ಷ ದಾಟುತ್ತದೆ. 1569ರಲ್ಲಿ ಮರ್ಕೇಟರ್ ಎಂಬವನು ಹಡಗಿನವರಿಗೆ ದಿಕ್ಕು ತಪ್ಪದಿರಲಿ ಎಂದು ಆ ನಕಾಶೆ ಮಾಡಿದ. ದಿಕ್ಕು ಸರಿಯಾಯಿತು, ಧ್ರುವದ ಕಡೆಯ ನಾಡುಗಳು ಉಬ್ಬಿದವು. ಮೊಬೈಲಿನ ನಕಾಶೆಗಳು ಇಂದಿಗೂ ಹೆಚ್ಚಾಗಿ ಅದೇ ಪದ್ಧತಿಯವು. ಅಂಥ ನಕಾಶೆಯ ಕೋಡು ಬರೆದು ನಾನು ವರ್ಷಗಟ್ಟಲೆ ಸಂಬಳ ತೆಗೆದುಕೊಂಡಿದ್ದೇನೆ. ಆಫ್ರಿಕಾ ಅಷ್ಟು ದೊಡ್ಡದು ಎಂದು ಕೈಗೆ ಹತ್ತಿದ್ದು ಏಳನೆಯ ತರಗತಿಯ ಮಕ್ಕಳ ಜೊತೆ ಮನೆ ಎಣಿಸಿದಾಗ.

ಊಟದ ಬುತ್ತಿಯೂ ಒಂದು ನಕಾಶೆಯೇ. ಜೋಳ ಆಫ್ರಿಕಾದ್ದು, ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿ ಮೆಕ್ಸಿಕೋ ಕಡೆಯದು. ತೊಗರಿ ಮಾತ್ರ ನಮ್ಮದೇ. 'ಹಂಗಾದ್ರ ಬಸವಣ್ಣೋರು ಖಾರ ಉಂಡಿಲ್ಲೇನ್ರಿ?' ಎಂದು ಕೇಳಿದರು. ಕೆಂಪು ಮೆಣಸಿನಕಾಯಿ ಉಂಡಿಲ್ಲ, ಕರಿಮೆಣಸು ಉಂಡಿರಬಹುದು.

ಈಗ ಗುಳೆಯ ಮಾತು. ಆಫ್ರಿಕಾದಿಂದ ಮನುಷ್ಯ ಹೊರಟು ಪ್ರಪಂಚವೆಲ್ಲ ಹರಡಿದ್ದನ್ನು ಪುಸ್ತಕದಲ್ಲಿ ವಲಸೆ ಎನ್ನುತ್ತಾರೆ. ನಾನು ಗುಳೆ ಎಂದೆ. ತರಗತಿ ತಟ್ಟನೆ ಸುಮ್ಮನಾಯಿತು. ಆಮೇಲೆ ಏಳನೆಯ ತರಗತಿಯ ಒಬ್ಬಳು ಎದ್ದು ನಿಂತು, 'ಅವ್ರ್ಯಾಕ ಹೋದ್ರು? ಮಳಿ ಆಗಿದ್ದಿಲ್ಲೇನ್ರಿ?' ಎಂದಳು.

ಅವಳ ಮನೆಯವರು ದೀಪಾವಳಿ ಮುಗಿದ ಮೇಲೆ ಪುಣೆಗೆ ಹೋಗಿ ಕಟ್ಟಡದ ಕೆಲಸ ಮಾಡಿ, ಮುಂಗಾರಿಗೆ ಬರುತ್ತಾರೆ. ಅವಳೂ ತಮ್ಮನನ್ನು ನೋಡಿಕೊಳ್ಳಲು ಜೊತೆಗೆ ಹೋಗುತ್ತಿದ್ದಳು. ಕೇಳಿದ್ದು ತನ್ನ ಅನುಭವದಿಂದಲೇ, ಉತ್ತರವೂ ಅಲ್ಲೇ ಹತ್ತಿರದಲ್ಲಿತ್ತು. ಮಳೆ ಬಂದು ಹುಲ್ಲು ಚಿಗುರಿದ ಕಡೆ ಪ್ರಾಣಿ, ಪ್ರಾಣಿಯ ಹಿಂದೆ ಮನುಷ್ಯ. ತಾವು ಖಂಡ ದಾಟುತ್ತಿದ್ದೇವೆ ಎಂದು ಅವರಿಗೇನು ಗೊತ್ತು? ವರ್ಷಕ್ಕೆ ಒಂದೇ ಕಿಲೋಮೀಟರ್ ಸರಿದರೂ ಹದಿನೈದು ಸಾವಿರ ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್. ಹಿಮಯುಗದ ತೀವ್ರ ಕಾಲದಲ್ಲಿ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಸೈಬೀರಿಯಾ ಮತ್ತು ಅಲಾಸ್ಕದ ನಡುವೆ ನೆಲವೇ ಇತ್ತು. ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ 21ರಿಂದ 23 ಸಾವಿರ ವರ್ಷ ಹಳೆಯವೆಂದು ಲೆಕ್ಕ ಹಾಕಿರುವ ಹೆಜ್ಜೆಗುರುತುಗಳಿವೆ. ಅವುಗಳಲ್ಲಿ ಹೆಚ್ಚಿನವು ಮಕ್ಕಳದೂ ಹದಿಹರೆಯದವರದೂ ಎಂದು ಅಧ್ಯಯನ ಮಾಡಿದವರು ಹೇಳಿದ್ದಾರೆ. ಇದನ್ನು ಕೇಳಿ ಅವಳು ಇನ್ನೊಂದು ಕೇಳಿದಳು: 'ಹೋದಲ್ಲಿ ಮಂದಿ, ನೀವು ಎಲ್ಲಿಯವ್ರು, ಯಾಕ್ ಬಂದೀರಿ ಅಂತಿದ್ದಿಲ್ಲೇನ್ರಿ?'

ಪುಣೆಯಲ್ಲಿ ಅವಳು ಅದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳೋ. ನಾನು ನಿಯಾಂಡರ್ತಲರ ಬಗ್ಗೆ ಹೇಳಿದೆ. ನಮ್ಮವರು ಹೋಗುವ ಮೊದಲೇ ಯುರೋಪಿನಲ್ಲಿ, ಪಶ್ಚಿಮ ಏಷ್ಯಾದಲ್ಲಿ ಇದ್ದ ಮನುಷ್ಯರು ಅವರು. ಅವರ ಎಲುಬಿನಿಂದ ವಂಶವಾಹಿ ಓದಿದ ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಆಫ್ರಿಕಾದಾಚೆಯ ಜನರೆಲ್ಲರಲ್ಲಿ, ನಮ್ಮಲ್ಲೂ, ಶೇಕಡಾ ಒಂದೆರಡರಷ್ಟು ಅವರ ಪಾಲಿದೆ. 'ಕೇಳಿರಬೇಕವ್ವ, ಆಮೇಲೆ ಬೀಗರಾದರು' ಅಂದೆ. ತರಗತಿ ನಕ್ಕಿತು. ಅವಳೂ ನಕ್ಕಳು.

ಆ ವರ್ಷ ನವೆಂಬರಿನಲ್ಲಿ ಅವಳ ಜಾಗ ಖಾಲಿಯಾಯಿತು. ಅವಳದೊಂದೇ ಅಲ್ಲ. ಪುಣೆಯ ವಿದ್ವಾಂಸರು ನಮ್ಮ ಕಲ್ಲು ನೋಡಲು ಇಲ್ಲಿಗೆ ಬಂದರು, ನಮ್ಮ ಮಕ್ಕಳು ಕಲ್ಲು ಹೊರುವವರ ಜೊತೆ ಪುಣೆಗೆ ಹೋಗುತ್ತಾರೆ. ಮೇ ತಿಂಗಳಲ್ಲಿ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಊರಿನಿಂದ ಪುಣೆಯವರೆಗಿನ ದಾರಿಯ ನಕಾಶೆಯಿತ್ತು, ನದಿಗಳೂ ಇದ್ದವು. ಭೀಮಾ ನದಿಯನ್ನು ಎಲ್ಲೆಲ್ಲಿ ದಾಟಿದೆವು ಎಂದು ಗುರುತು ಹಾಕಿದ್ದಳು. ಆದರೆ ಗಣಿತದಲ್ಲಿ ಆರು ತಿಂಗಳು ಹಿಂದೆ ಬಿದ್ದಿದ್ದಳು.

ಹೋಗಬೇಡಿ ಎಂದು ನಾನು ಯಾವ ತಂದೆತಾಯಿಗೂ ಹೇಳಲಾರೆ. ನಾನೂ ಬೆಂಗಳೂರಿಗೆ ಗುಳೆ ಹೋದವನೇ, ನನ್ನ ಗುಳೆಗೆ ಸಂಬಳ ಜಾಸ್ತಿ, ಅಷ್ಟೇ. ಮಕ್ಕಳನ್ನು ಆಯಿ, ಮುತ್ಯಾರ ಹತ್ತಿರ ಬಿಟ್ಟು ಹೋಗಿ ಎಂದು ಕೇಳುತ್ತೇನೆ. ಮಧ್ಯಾಹ್ನದ ಊಟ ಶಾಲೆಯಲ್ಲಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ರಾತ್ರಿಯ ಊಟ ಮತ್ತು ಸಂಜೆಯ ಓದಿಗೆ ಒಂದು ಕೋಣೆ, ಇವೆರಡರ ಖರ್ಚು ನಮ್ಮ ಬ್ಯಾಚಿನ ಗೆಳೆಯರು ಈ ವರ್ಷ ಕೊಟ್ಟಿದ್ದೇವೆ. ಬರುವ ವರ್ಷಕ್ಕೆ ಬೇರೆ ಬ್ಯಾಚಿನವರೂ ಕೈಗೂಡಿಸಿದರೆ ಎಂಟನೆಯ ತರಗತಿಯವರನ್ನೂ ಸೇರಿಸಬಹುದು. ಹೊರಗೆ ಮೇಜಿನ ಮೇಲೆ ಪಟ್ಟಿ ಇಟ್ಟಿದ್ದೇವೆ.

ಆ ಹುಡುಗಿ ಈಗ ಹತ್ತನೆಯ ತರಗತಿ. ಹೆಸರು ಹೇಳಬೇಡಿ ಎಂದಿದ್ದಾಳೆ, ಹೇಳುವುದಿಲ್ಲ. ಮನೆಯವರು ಈ ಸಲವೂ ಹೋಗಿದ್ದಾರೆ. ಅವಳು ಹೋಗಿಲ್ಲ, ಆಯಿಯ ಜೊತೆ ಇದ್ದಾಳೆ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಧ್ವಜದ ಕಟ್ಟೆಯಿಂದ ನಡಿಗೆ ಇದೆ. ಹೆಜ್ಜೆ ಎಣಿಸುವವರು ಮಕ್ಕಳು, ಹೇಳುವವರೂ ಅವರೇ, ನಾನು ಹಿಂದೆ ಬರುತ್ತೇನೆ. ಹಿರಿಯರು ಕಿರಾಣಿ ಅಂಗಡಿಯವರೆಗೆ ಬಂದು ಚಹಾ ಕುಡಿದು ಮರಳಬಹುದು. ಇಸಾಂಪುರದವರೆಗೆ ಬರುವವರು ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ, ಹಳ್ಳದ ಹತ್ತಿರ ಜಾಲಿಮುಳ್ಳು ಬಹಳ.