ಕ್ಯಾನ್ಸರ್ ವಾಸಿಯಾದ ಮೇಲೆ ಹೃದಯದ ಯೋಚನೆ

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಹಲವರಿಗೆ ಇಲ್ಲಿಯ ನಂಟರ ಮನೆಯೇ ಆಸರೆ. “ರೋಗ ವಾಸಿಯಾಯಿತಲ್ಲ, ಇನ್ನೇನು?” ಎಂದು ಊರಿಗೆ ಹೊರಡುವವರಿಗೆ ಹೇಳಬೇಕಾದ ಮಾತೊಂದು ಉಳಿದಿರುತ್ತದೆ. ಅದು ಹೃದಯದ ಮಾತು.

ಇಟಲಿಯ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯ ಮೂಲದಿಂದ ಕೆಂಪು ಬಣ್ಣದ ಔಷಧವೊಂದು ಹುಟ್ಟಿತು. ಅಡ್ರಿಯಾಟಿಕ್ ಸಮುದ್ರದ ಹೆಸರಿನಿಂದ ಅದಕ್ಕೆ ಅಡ್ರಿಯಾಮೈಸಿನ್ ಎಂದರು. ಡಾಕ್ಸೊರುಬಿಸಿನ್ ಎಂಬುದೂ ಅದೇ. ಸ್ತನದ ಕ್ಯಾನ್ಸರಿಗೂ ರಕ್ತದ ಕ್ಯಾನ್ಸರಿಗೂ ಅದು ಇಂದಿಗೂ ದೊಡ್ಡ ಆಯುಧ. ಆದರೆ ದೇಹಕ್ಕೆ ಸೇರಿದ ಒಟ್ಟು ಪ್ರಮಾಣ ಏರಿದಷ್ಟೂ ಹೃದಯ ಸೋಲುವ ಭಯ ಏರುತ್ತದೆಂಬುದು 1970ರ ದಶಕದಲ್ಲೇ ಸ್ಪಷ್ಟವಾಯಿತು. ಹೃದಯದ ಸ್ನಾಯುಕಣಗಳು ಸತ್ತರೆ ಹೊಸವು ಹುಟ್ಟುವುದು ತೀರ ಅಪರೂಪ. ಆದ್ದರಿಂದಲೇ ವೈದ್ಯರು ಈ ಔಷಧದ ಲೆಕ್ಕವನ್ನು ರೋಗಿಯ ಜೀವಮಾನದುದ್ದಕ್ಕೂ ಇಡುತ್ತಾರೆ.

1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಟ್ರಾಸ್ಟುಜುಮಾಬ್ ಕೂಡ ಕೆಲವರ ಹೃದಯವನ್ನು ದುರ್ಬಲಗೊಳಿಸುತ್ತದೆ. ಆದರೆ ಅದನ್ನು ನಿಲ್ಲಿಸಿದರೆ ಬಹುಮಟ್ಟಿಗೆ ಚೇತರಿಕೆ ಉಂಟು. ಎದೆಗೆ ಕೊಡುವ ವಿಕಿರಣದ ವಿಷಯದಲ್ಲಿ, ಹೃದಯಕ್ಕೆ ತಾಗಿದ ಪ್ರಮಾಣಕ್ಕೆ ತಕ್ಕಂತೆ ಅಪಾಯ ಬೆಳೆಯುವುದೆಂದೂ ಅದು ಇಪ್ಪತ್ತು ವರ್ಷಗಳ ಅನಂತರವೂ ಇರುವುದೆಂದೂ 2013ರ ಸಂಶೋಧನೆ ತೋರಿಸಿತು. ಎಡ ಸ್ತನಕ್ಕೆ ವಿಕಿರಣ ಕೊಡುವಾಗ ದೀರ್ಘವಾಗಿ ಉಸಿರೆಳೆದು ಹಿಡಿಯಲು ಹೇಳುವುದು ಹೃದಯ ದೂರ ಸರಿಯಲಿ ಎಂದೇ.

ಹಿಂದೆ ಏದುಸಿರು ಬಂದ ಮೇಲೆ ಚಿಕಿತ್ಸೆ. ಈಗ ಅದಕ್ಕೂ ಮುಂಚೆಯೇ ಹುಡುಕಾಟ. ಮಿಲಾನ್ ನಗರದ ವೈದ್ಯರು ಡಾಕ್ಸೊರುಬಿಸಿನ್ ಜಾತಿಯ ಔಷಧ ಪಡೆದ 2,625 ಮಂದಿಯನ್ನು ಪರೀಕ್ಷಿಸುತ್ತ ಬಂದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇಕಡ 9 ಮಂದಿಯ ಹೃದಯ ಸೊರಗಿತ್ತು, ಬಹುತೇಕ ಮೊದಲ ವರ್ಷದಲ್ಲೇ. ಕೂಡಲೇ ಚಿಕಿತ್ಸೆ ಕೊಟ್ಟಾಗ ಅಂಥವರಲ್ಲಿ ಶೇಕಡ 82 ಮಂದಿ ಚೇತರಿಸಿಕೊಂಡರು. ಆದರೆ ಪೂರ್ಣವಾಗಿ ಚೇತರಿಸಿಕೊಂಡವರು ಶೇಕಡ 11 ಮಾತ್ರ. ಬೇಗ ಹುಡುಕುವುದರ ಬೆಲೆ ಇದರಿಂದಲೇ ತಿಳಿಯುತ್ತದೆ.

ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಹೃದಯವನ್ನು ಮೊದಲೇ ಕಾಪಾಡೀತೇ? 2023ರಲ್ಲಿ ಲಿಂಫೋಮಾ ರೋಗಿಗಳಲ್ಲಿ ಪ್ರಯೋಜನ ಕಂಡಿತು. 2022ರ ಇನ್ನೊಂದು ಪರೀಕ್ಷೆಯಲ್ಲಿ, ಮುಖ್ಯವಾಗಿ ಸ್ತನ ಕ್ಯಾನ್ಸರಿನವರಲ್ಲಿ, ಕಾಣಲಿಲ್ಲ. ಆದಕಾರಣ ಯಾರೂ ತಾವಾಗಿ ಮಾತ್ರೆ ನುಂಗಬಾರದು. ಯುರೋಪಿನ ಹೃದಯವೈದ್ಯರ ಸಂಘವು 2022ರಲ್ಲಿ ಈ ವಿಷಯಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಚಿಕಿತ್ಸೆಗೆ ಮೊದಲು, ನಡುವೆ, ಆಮೇಲೆ, ಮೂರು ಕಾಲಕ್ಕೂ ಹೃದಯವನ್ನು ನೋಡಿಕೊಳ್ಳಿರೆಂಬುದೇ ಅದರ ತಿರುಳು.

ಇದನ್ನು ಕೇಳಿ ಹೆದರಿ ಯಾರೂ ಕ್ಯಾನ್ಸರಿನ ಚಿಕಿತ್ಸೆಯನ್ನು ಬಿಡಕೂಡದು. ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಮಾಡಬೇಕಾದ್ದು ಇಷ್ಟೇ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ತಂಬಾಕನ್ನು ಬಿಡಿ. ವೈದ್ಯರು ಒಪ್ಪಿದಷ್ಟು ನಡೆಯಿರಿ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ಕಾಲು ಊದಿದರೆ, “ನಿಶ್ಶಕ್ತಿ” ಎಂದು ಸುಮ್ಮನಾಗಬೇಡಿ. ನಮ್ಮ ಹೆಂಗಸರಂತೂ ಇದನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ.

ನಂಟರನ್ನು ಊರಿಗೆ ಕಳುಹಿಸುವಾಗ ಒಂದು ಉಪಕಾರ ಮಾಡಿ. ಯಾವ ಔಷಧ, ಒಟ್ಟು ಎಷ್ಟು, ವಿಕಿರಣ ಯಾವ ಭಾಗಕ್ಕೆ ಎಂದು ಆಸ್ಪತ್ರೆಯಿಂದ ಬರೆಸಿ, ಆ ಕಾಗದವನ್ನು ಅವರ ಕೈಯಲ್ಲಿಡಿ. ಹತ್ತು ವರ್ಷ ಕಳೆದು ಊರಿನ ವೈದ್ಯರು ನಾಡಿ ಹಿಡಿದಾಗ, ಹಿಂದಿನದನ್ನೆಲ್ಲ ಅವರಿಗೆ ಹೇಳುವುದು ಆ ಕಾಗದವೇ.