ದೇವರ ಪರಿಶುದ್ಧತೆ ಮತ್ತು ನಮ್ಮ ಭಯಭಕ್ತಿ

(ಶತಮಾನೋತ್ಸವದ ಪೂರ್ವಭಾವಿ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಪೂರ್ವಿಕರು ಕಟ್ಟಿದ ಈ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿದೆ. ಗೋಡೆಗಳಿಗೆ ಸುಣ್ಣಬಣ್ಣವಾಗಿದೆ, ತೇರು ಸಿದ್ಧವಾಗುತ್ತಿದೆ. ಈ ಸಂಭ್ರಮದ ನಡುವೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳುವುದು ಯುಕ್ತವೆಂದು ಭಾವಿಸುತ್ತೇವೆ. ಇಲ್ಲಿ ನೆಲೆಸಿರುವ ದೇವರ ಪರಿಶುದ್ಧತೆಗೆ ನಾವು ತಕ್ಕ ಗೌರವವನ್ನು ಸಲ್ಲಿಸುತ್ತಿದ್ದೇವೆಯೇ?

ಹೋರೇಬ್ ಬೆಟ್ಟದಲ್ಲಿ ಉರಿದರೂ ಸುಟ್ಟುಹೋಗದ ಪೊದೆಯನ್ನು ಕಂಡು ಹತ್ತಿರ ಹೋದ ಮೋಶೆಗೆ ಮೊದಲು ದೊರೆತ ಅಪ್ಪಣೆ, ಪಾದರಕ್ಷೆಗಳನ್ನು ಕಳಚಬೇಕೆಂಬುದು. ದೇವಾಲಯದಲ್ಲಿ ದೇವರ ಮಹಿಮೆಯನ್ನು ಕಂಡ ಪ್ರವಾದಿ ಯೆಶಾಯನು ತನ್ನ ತುಟಿಗಳ ಅಶುದ್ಧಿಯನ್ನು ನೆನೆದು ನಡುಗಿದನು. ನಮ್ಮ ಸೀಮೆಯ ಜನರಿಗೆ ಈ ಭಾವನೆ ಅಪರಿಚಿತವಲ್ಲ. ರೇಷ್ಮೆ ಸಾಕುವ ರೈತನು ಹುಳುಮನೆಯನ್ನು ಪ್ರವೇಶಿಸುವ ಮುನ್ನ ಪಾದರಕ್ಷೆಗಳನ್ನು ಹೊರಗೆ ಬಿಡುತ್ತಾನೆ, ಕೈಕಾಲು ತೊಳೆಯುತ್ತಾನೆ. ಒಳಗಿರುವ ಎಳೆಯ ಜೀವಕ್ಕೆ ತನ್ನಿಂದ ರೋಗ ತಗಲಬಾರದೆಂಬ ಎಚ್ಚರ ಅವನದು. ಒಂದು ಹುಳುವಿನ ಮನೆಗೆ ಇಷ್ಟು ಎಚ್ಚರವಿದ್ದರೆ, ಜೀವದಾತನಾದ ಸರ್ವೇಶ್ವರನ ಮನೆಗೆ ಎಷ್ಟು ಬೇಕು!

ಆರಾಧನೆಯು ನಮ್ಮ ಬದುಕಿಗೆ ಹತ್ತಿರವಾಗಬೇಕೆಂಬುದು ಧರ್ಮಸಭೆಯ ಆಶಯವೂ ಆಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯ ಕುರಿತ ಶಾಸನವನ್ನು ಪ್ರಕಟಿಸಿ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್‌ನಲ್ಲಿ ಆಲಿಸುತ್ತಿದ್ದ ಬಲಿಪೂಜೆಯು ಕನ್ನಡದಲ್ಲಿ ನಮ್ಮ ಕಿವಿಗೆ ಬಿದ್ದಿತು. 1969ರ ಏಪ್ರಿಲ್ 25ರಂದು ಭಾರತದ ಧರ್ಮಾಧ್ಯಕ್ಷರ ಕೋರಿಕೆಯ ಮೇರೆಗೆ ರೋಮ್ ಹನ್ನೆರಡು ಅಂಶಗಳನ್ನು ಅಂಗೀಕರಿಸಿತು. ಪಾದರಕ್ಷೆ ಕಳಚುವುದು, ಕೈಮುಗಿದು ನಮಸ್ಕರಿಸುವುದು, ಪಂಚಾಂಗ ಪ್ರಣಾಮ, ಎಣ್ಣೆದೀಪ, ಆರತಿ ಇವೆಲ್ಲಕ್ಕೂ ಅವುಗಳಲ್ಲಿ ಸ್ಥಾನವುಂಟು. ನಮ್ಮ ಅಜ್ಜ ಅಜ್ಜಿಯರು ಹೃದಯದಿಂದ ಬಲ್ಲವರಾಗಿದ್ದ ಭಕ್ತಿಯ ಹಾವಭಾವಗಳೇ ಇವು.

ಆದರೆ ಅವಕಾಶ ದೊರೆತ ಮಾತ್ರಕ್ಕೆ ಭಕ್ತಿ ಬೆಳೆಯದು. ಶುಭಸಂದೇಶದ ವಾಚನ ಮುಗಿದ ಮೇಲೆ ಬರುವವರು ನಾವೇ. ಬಾಗಿಲ ಬಳಿ ನಿಂತು ಊರ ಸುದ್ದಿ ಮಾತನಾಡುವವರು ನಾವೇ. ಪರಮಪ್ರಸಾದದ ಹೊತ್ತಿನಲ್ಲಿ ಜೇಬಿನ ಮೊಬೈಲ್ ಹಾಡಿದರೆ ಹೊರಗೆ ಹೋಗಿ ಉತ್ತರಿಸುವವರೂ ನಾವೇ. ಮದುವೆಯ ದಿನ ಛಾಯಾಚಿತ್ರಕ್ಕಾಗಿ ಬಲಿಪೀಠದ ಮೆಟ್ಟಿಲನ್ನು ತುಳಿಯುವವರನ್ನು ತಡೆಯಲು ನಮಗೆ ಸಂಕೋಚ. ಇವು ಸಣ್ಣ ತಪ್ಪುಗಳೆಂದು ತೋರಬಹುದು. ಆದರೆ ಮೌನವಿಲ್ಲದ ಮನೆಯಲ್ಲಿ ಮಕ್ಕಳು ದೇವರ ಭಯಭಕ್ತಿಯನ್ನು ಎಲ್ಲಿಂದ ಕಲಿಯಬೇಕು?

ಇನ್ನೂ ಗಹನವಾದ ಮಾತೊಂದಿದೆ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ದೇವರು, ತಾವು ಪರಿಶುದ್ಧರಾಗಿರುವುದರಿಂದ ತಮ್ಮ ಜನರೂ ಪರಿಶುದ್ಧರಾಗಿರಬೇಕೆಂದು ಆಜ್ಞಾಪಿಸುತ್ತಾರೆ. ಆ ಪರಿಶುದ್ಧತೆ ಹೇಗಿರಬೇಕೆಂಬುದಕ್ಕೆ ಅಲ್ಲಿಯೇ ವಿವರವಿದೆ. ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡಬೇಕು. ಕೂಲಿಯವನ ಕೂಲಿಯನ್ನು ರಾತ್ರಿ ಕಳೆಯುವವರೆಗೆ ಇಟ್ಟುಕೊಳ್ಳಬಾರದು. ತಕ್ಕಡಿ, ತೂಕ, ಅಳತೆ ನ್ಯಾಯವಾಗಿರಬೇಕು. ಹಾಗಾದರೆ ಮಂಡ್ಯದ ಮಂಡಿಯಲ್ಲಿ ಬೆಲ್ಲ ತಕ್ಕಡಿಗೆ ಏರುವಾಗ, ಮದ್ದೂರಿನ ಮಾರುಕಟ್ಟೆಯಲ್ಲಿ ಎಳನೀರನ್ನು ಎಣಿಸುವಾಗ, ಗದ್ದೆಯಲ್ಲಿ ಕಬ್ಬು ಕಡಿದವರಿಗೆ ಕೂಲಿ ಕೊಡುವಾಗ ನಾವು ನಿಂತಿರುವುದೂ ಪವಿತ್ರ ನೆಲದ ಮೇಲೆಯೇ. ಆಳಿಗೆ ಬೇರೆ ಲೋಟವನ್ನು ಇಟ್ಟಿರುವ ಮನೆಯವರು ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಈ ಪೀಠಕ್ಕೆ ಯಾವ ಮುಖ ಹೊತ್ತು ಬರುವರು?

ಇದನ್ನು ಪರರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ಹಬ್ಬದಲ್ಲಿ ತೇರಿಗೆ ಹೂವಿನ ಅಲಂಕಾರ ಮಾಡಿದ ಬಡವನೊಬ್ಬನು ರಾತ್ರಿ ಮೆರವಣಿಗೆ ಮುಗಿಯುವವರೆಗೆ ಕಾದು ನಿಂತಿದ್ದನು. ಲೆಕ್ಕ ನೋಡೋಣ, ನಾಳೆ ಬಾ ಎಂದೆವು. ನಾಳೆ, ನಾಡಿದ್ದು ಎಂದು ಅವನು ನಾಲ್ಕು ಸಲ ಅಲೆದನು. ಹೂವು ಬಾಡಿದ ಮೇಲೆ ಅವನ ಕೈಗೆ ಹಣ ಸೇರಿತು. ಆ ಹಬ್ಬದಲ್ಲಿ ನಾವು ಧೂಪ ಹಾಕಿದ್ದೆವು, ಕೀರ್ತನೆ ಹಾಡಿದ್ದೆವು. ದೇವರಿಗೆ ಸಲ್ಲಬೇಕಾದ ಗೌರವ ಮಾತ್ರ ಬಾಗಿಲಲ್ಲಿಯೇ ಕಾದು ನಿಂತಿತ್ತು. ದೇವಾಲಯದಲ್ಲಿ ಕ್ರಿಸ್ತರ ದೇಹವನ್ನು ರೇಷ್ಮೆಯಿಂದ ಗೌರವಿಸಿ, ಹೊರಗೆ ಚಳಿಯಲ್ಲಿ ನಡುಗುವ ಅವರನ್ನೇ ಕಡೆಗಣಿಸುವುದು ತರವಲ್ಲವೆಂದು ನಾಲ್ಕನೆಯ ಶತಮಾನದಲ್ಲಿಯೇ ಬೋಧಿಸಿದ ಸಂತ ಕ್ರಿಸೋಸ್ತೋಮರು ನಮ್ಮನ್ನು ಕಂಡೇ ನುಡಿದಂತಿದೆ.

ಬಲಿಪೀಠವನ್ನೂ ಬೀದಿಯನ್ನೂ ಕೂಡಿಸಿದವರ ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬಾಯ್ ಅವರು ಕಟ್ಟಿಸಿದ ದೇವಾಲಯ ಇಂದಿಗೂ ನಿಂತಿದೆ. 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಬಳಿಕ ಚದುರಿದ್ದ ಕ್ರೈಸ್ತರನ್ನು ಅವರು ಒಟ್ಟುಗೂಡಿಸಿದರು. ಅಷ್ಟರಲ್ಲಿಯೇ ತೃಪ್ತರಾಗದೆ, ಸಿಡುಬಿಗೆ ಬಲಿಯಾಗುತ್ತಿದ್ದ ಜನರಿಗೆ ಲಸಿಕೆ ಹಾಕಿಸಲು ಮುಂದಾದರು. 1803-04ರ ಅವಧಿಯಲ್ಲಿ 25,000ಕ್ಕೂ ಮಿಕ್ಕಿದ ಜನರಿಗೆ ಅದು ದೊರೆಯಿತು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದುದರಲ್ಲಿ ಆಶ್ಚರ್ಯವೇನು?

ಪ್ರಿಯ ಬಾಂಧವರೇ, ಶತಮಾನೋತ್ಸವದ ಕಾಣಿಕೆಯಾಗಿ ಮೂರು ನಿರ್ಧಾರಗಳನ್ನು ಕೈಗೊಳ್ಳೋಣ. ಬಲಿಪೂಜೆಗೆ ಹತ್ತು ನಿಮಿಷ ಮುಂಚಿತವಾಗಿ ಬಂದು ಮೌನವಾಗಿ ಕುಳಿತುಕೊಳ್ಳೋಣ. ಸಹೋದರನೊಡನೆ ಮುನಿಸಿದ್ದರೆ, ಯೇಸುಸ್ವಾಮಿಯವರು ಬೆಟ್ಟದ ಮೇಲೆ ಬೋಧಿಸಿದಂತೆ, ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗೋಣ. ದುಡಿದವರ ಕೂಲಿಯನ್ನು ಅಂದಿನ ಸೂರ್ಯ ಮುಳುಗುವುದರೊಳಗೆ ಸಲ್ಲಿಸೋಣ. ಈ ಉತ್ಸವದಲ್ಲಿ ತೇರನ್ನು ಅಲಂಕರಿಸುವವರ ಕೂಲಿಯಿಂದಲೇ ಅದನ್ನು ಆರಂಭಿಸೋಣ.

ಪರಿಶುದ್ಧರಾದ ದೇವರು ನಮ್ಮ ಕುಟುಂಬಗಳನ್ನೂ ಈ ದೇವಾಲಯವನ್ನೂ ಹರಸಿ ಕಾಪಾಡಲಿ.